ಯಾರಿಗೆ ಸುರಕ್ಷಿತವಾದ ಸ್ಥಳ?



ಗ್ರೀಕ್ ತತ್ವಜ್ಞಾನಿ ಪ್ಲೇಟೋ ‘ರಿಪಬ್ಲಿಕ್’ ಎಂಬ ತನ್ನ ಗ್ರಂಥದ ಮೊದಲ ಭಾಗದಲ್ಲಿಯೇ ಒಂದು ಸರಳವಾದ ಸಮಸ್ಯೆಯನ್ನು ನಮ್ಮ ಮುಂದಿಡುತ್ತಾನೆ. ಮಿತ್ರನೊಬ್ಬನು ಸ್ವಸ್ಥಚಿತ್ತನಾಗಿದ್ದಾಗ ತನ್ನ ಆಯುಧಗಳನ್ನು ನಮ್ಮಲ್ಲಿ ಇರಿಸಿ ಹೋಗಿದ್ದಾನೆ. ಕೆಲವು ಕಾಲದ ನಂತರ ಬುದ್ಧಿಭ್ರಮಣೆಗೆ ಒಳಗಾದ ಸ್ಥಿತಿಯಲ್ಲಿ ಬಂದು ಅವುಗಳನ್ನು ಮರಳಿ ಕೇಳುತ್ತಾನೆ. ಕೊಡಬೇಕೇ? ವಸ್ತು ಅವನದೇ, ಪಡೆದದ್ದನ್ನು ಹಿಂದಿರುಗಿಸುವುದು ನ್ಯಾಯವೇ. ಆದರೂ ಕೊಡಬಾರದೆಂದು ಯಾರಾದರೂ ಹೇಳುವರು. ಏಕೆಂದರೆ ಆಯುಧವು ಹೊಲ, ಮನೆ, ಬಟ್ಟೆಬರೆಗಳಂತಹ ಆಸ್ತಿಯಲ್ಲ. ಅದನ್ನು ಇನ್ನೊಬ್ಬನ ಕೈಗೆ ಒಪ್ಪಿಸುವವನು ಆ ಕೈ ಯಾರದೆಂದು ನೋಡಲೇಬೇಕಾಗುತ್ತದೆ.

ಸುಮಾರು ಎರಡು ಸಾವಿರದ ನಾಲ್ಕುನೂರು ವರ್ಷ ಹಳೆಯದಾದ ಈ ಪ್ರಶ್ನೆ ಇಂದು ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಅನೇಕ ಸಾಮಾನ್ಯ ಕುಟುಂಬಗಳ ಮುಂದೆ ಬಂದು ನಿಲ್ಲುತ್ತದೆ. ತಂದೆ ಬಿಟ್ಟುಹೋದ ಬೇಟೆಯ ಬಂದೂಕು, ಕಷ್ಟಕಾಲದಲ್ಲಿ ಮಾರಬೇಕಾಗಿ ಬಂದ ಪಿಸ್ತೂಲು, ಮನೆಯಲ್ಲಿ ಮಕ್ಕಳು ಹುಟ್ಟಿದರೆಂದು ಬೇಡವಾದ ರೈಫಲ್ - ಇವುಗಳನ್ನು ಮಾಲೀಕನು ತನಗೆ ಪರಿಚಯವೇ ಇಲ್ಲದ ಇನ್ನೊಬ್ಬ ನಾಗರಿಕನಿಗೆ ಮಾರುವುದು ಅಲ್ಲಿನ ಹಲವು ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧವಲ್ಲ. ಆಗ ಅವನ ಮನಸ್ಸಿಗೆ ಬರುವ ಮೊದಲ ಪ್ರಶ್ನೆ: ಎಲ್ಲಿ ಭೇಟಿಯಾಗೋಣ?

ಇದು ದೂರದ ದೇಶದ ಮಾತು, ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಟೆಕ್ಸಾಸ್, ಕ್ಯಾಲಿಫೋರ್ನಿಯಾ, ನ್ಯೂಜರ್ಸಿಗಳಲ್ಲಿ ಬಾಳುತ್ತಿದ್ದಾರೆ. ನಮ್ಮ ಕರಾವಳಿ, ಮಲೆನಾಡು, ಕೊಡಗಿನ ಕೃಷಿಕರ ಮನೆಗಳಲ್ಲಿಯೂ ಕೋವಿಗಳಿವೆ. ಅದಕ್ಕಿಂತ ಮುಖ್ಯವಾಗಿ, ಈ ಪ್ರಶ್ನೆಯೊಳಗೆ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಲ್ಲುವ ಇನ್ನೊಂದು ಪ್ರಶ್ನೆ ಅಡಗಿದೆ: ನನ್ನ ಕೈಬಿಟ್ಟು ಹೋದ ವಸ್ತುವಿನ ಬಗ್ಗೆ ನನ್ನ ಹೊಣೆ ಎಲ್ಲಿಯವರೆಗೆ?

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಯೋಣ. ಅಮೆರಿಕದಲ್ಲಿ ೧೯೬೮ರ ಬಂದೂಕು ನಿಯಂತ್ರಣ ಕಾಯಿದೆಯ ಪ್ರಕಾರ ಬಂದೂಕು ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡವನು ಕೇಂದ್ರ ಸರ್ಕಾರದ ಪರವಾನಗಿ ಪಡೆಯಬೇಕು. ೧೯೯೩ರ ಬ್ರೇಡಿ ಕಾಯಿದೆಯ ಫಲವಾಗಿ, ೧೯೯೮ರ ನವೆಂಬರ್‌ನಿಂದ ಇಂತಹ ವ್ಯಾಪಾರಿಯು ಗಿರಾಕಿಯ ಪೂರ್ವಾಪರವನ್ನು ಎಫ್.ಬಿ.ಐ. ನಡೆಸುವ ರಾಷ್ಟ್ರೀಯ ವ್ಯವಸ್ಥೆಯ ಮೂಲಕ ಪರಿಶೀಲಿಸಿದ ಮೇಲೆಯೇ ಬಂದೂಕನ್ನು ಕೊಡಬೇಕಾಗಿದೆ. ಗಂಭೀರ ಅಪರಾಧದಲ್ಲಿ ಶಿಕ್ಷೆಗೊಳಗಾದವರು, ಮನೆಯವರ ಮೇಲೆ ಹಿಂಸೆ ಎಸಗಿ ಅಪರಾಧಿಯೆನಿಸಿದವರು, ತಲೆಮರೆಸಿಕೊಂಡವರು, ಮಾನಸಿಕ ಅಸ್ವಸ್ಥತೆಯ ಕಾರಣದಿಂದ ನ್ಯಾಯಾಲಯವು ಅನರ್ಹರೆಂದು ತೀರ್ಮಾನಿಸಿದವರು ಮೊದಲಾದವರಿಗೆ ಬಂದೂಕು ಸಲ್ಲದು.

ಆದರೆ ವ್ಯಾಪಾರಿಯಲ್ಲದ ಸಾಮಾನ್ಯ ನಾಗರಿಕನು ತನ್ನ ಸ್ವಂತ ಬಂದೂಕನ್ನು ತನ್ನದೇ ರಾಜ್ಯದ ಇನ್ನೊಬ್ಬ ನಿವಾಸಿಗೆ ಮಾರುವಾಗ ಕೇಂದ್ರದ ಕಾನೂನು ಈ ಪರಿಶೀಲನೆಯನ್ನು ಕಡ್ಡಾಯ ಮಾಡಿಲ್ಲ. ಕೊಳ್ಳುವವನು ಅನರ್ಹನೆಂದು ತಿಳಿದಿದ್ದರೆ, ಅಥವಾ ಹಾಗೆ ನಂಬಲು ಸಕಾರಣವಿದ್ದರೆ ಮಾರಬಾರದು. ಬೇರೆ ರಾಜ್ಯದವನಿಗಾದರೆ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಕೊಡಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಕೊಲೊರಾಡೊ, ವಾಷಿಂಗ್ಟನ್ ಮುಂತಾದ ರಾಜ್ಯಗಳು ಖಾಸಗಿ ಮಾರಾಟಕ್ಕೂ ಪರಿಶೀಲನೆಯನ್ನು ಕಡ್ಡಾಯಗೊಳಿಸಿವೆ. ಟೆಕ್ಸಾಸ್‌ನಂತಹ ರಾಜ್ಯಗಳು ಗೊಳಿಸಿಲ್ಲ. ಹೀಗೆ, ಕಾನೂನು ಸುಮ್ಮನಿರುವ ಕಡೆಯಲ್ಲಿ ಎಲ್ಲಿ, ಹೇಗೆ, ಯಾರ ಸಮ್ಮುಖದಲ್ಲಿ ಮಾರಬೇಕೆಂಬುದು ಮಾರುವವನ ವಿವೇಚನೆಗೆ ಬಿಟ್ಟ ಸಂಗತಿ.

ವಿವೇಕಿಯಾದ ಮನುಷ್ಯನು ಮೊದಲು ತನ್ನ ಸುರಕ್ಷತೆಯನ್ನು ನೋಡಿಕೊಳ್ಳುತ್ತಾನೆ. ಇದರಲ್ಲಿ ತಪ್ಪಿಲ್ಲ; ತನ್ನ ಪ್ರಾಣವನ್ನೂ ಮನೆಯವರ ಪ್ರಾಣವನ್ನೂ ಕಾಪಾಡಿಕೊಳ್ಳುವುದು ಕರ್ತವ್ಯವೇ. ಹಣ ಹಿಡಿದುಕೊಂಡ ಒಬ್ಬ, ಬಂದೂಕು ಹಿಡಿದುಕೊಂಡ ಇನ್ನೊಬ್ಬ, ಇಬ್ಬರೂ ಪರಸ್ಪರ ಅಪರಿಚಿತರು. ದರೋಡೆಗೆ ಇದಕ್ಕಿಂತ ಅನುಕೂಲವಾದ ಸಂದರ್ಭ ಬೇರೆ ಬೇಕೆ? ಆದ್ದರಿಂದ ಅಪರಿಚಿತನನ್ನು ಮನೆಗೆ ಕರೆಯಬಾರದು, ರಾತ್ರಿಯ ವೇಳೆ ನಿರ್ಜನ ಸ್ಥಳಕ್ಕೆ ಹೋಗಬಾರದು, ಹಗಲಿನಲ್ಲಿ ಜನಸಂಚಾರವಿರುವ ಕಡೆ ಭೇಟಿಯಾಗಬೇಕು, ಗುಂಡುಗಳನ್ನು ತೆಗೆದು ಬಂದೂಕನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಒಯ್ಯಬೇಕು ಎಂದು ಅನುಭವಿಗಳು ಹೇಳುತ್ತಾರೆ. ಸ್ಥಳವನ್ನು ಆರಿಸುವಾಗ ಕಾನೂನನ್ನೂ ಗಮನಿಸಬೇಕು. ಶಾಲೆಯ ಸುತ್ತ ಒಂದು ಸಾವಿರ ಅಡಿಯೊಳಗೆ ಬಂದೂಕು ಇರಿಸಿಕೊಳ್ಳುವುದನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ಕೇಂದ್ರದ ಕಾನೂನು ನಿಷೇಧಿಸಿದೆ. ಕೇಂದ್ರ ಸರ್ಕಾರದ ಕಟ್ಟಡಗಳೊಳಗೂ ನಿಷೇಧವಿದೆ. ಕೆಲವು ಪೊಲೀಸ್ ಠಾಣೆಗಳು ಅಪರಿಚಿತರ ಕೊಡುಕೊಳ್ಳುವಿಕೆಗೆಂದು ತಮ್ಮ ಆವರಣದಲ್ಲಿ ಜಾಗ ಗುರುತಿಸಿವೆ. ಆದರೆ ಎಲ್ಲ ಠಾಣೆಗಳೂ ಅಲ್ಲಿ ಬಂದೂಕಿನ ವಹಿವಾಟಿಗೆ ಒಪ್ಪುವುದಿಲ್ಲವಾದುದರಿಂದ ಮೊದಲೇ ವಿಚಾರಿಸಬೇಕು.

ಇಷ್ಟೆಲ್ಲ ಪಾಲಿಸಿದ ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳಿ. ಹಾಡಹಗಲು, ಪೊಲೀಸ್ ಠಾಣೆಯ ಎದುರು, ಮೇಲೆ ಕ್ಯಾಮೆರಾ. ಹಣ ಎಣಿಸಿದ್ದಾಯಿತು, ಪೆಟ್ಟಿಗೆ ಕೈ ಬದಲಾಯಿತು, ಇಬ್ಬರೂ ಕ್ಷೇಮವಾಗಿ ಮನೆ ಸೇರಿದರು. ಸ್ಥಳ ಸುರಕ್ಷಿತವಾಗಿತ್ತು. ಆದರೆ ಯಾರಿಗೆ? ಅಲ್ಲಿ ನಿಂತಿದ್ದ ಇಬ್ಬರಿಗೆ. ಆ ವ್ಯವಹಾರದಲ್ಲಿ ಮೂರನೆಯವನೊಬ್ಬನಿದ್ದಾನೆ. ಅವನು ಅಲ್ಲಿಗೆ ಬಂದಿರಲಿಲ್ಲ, ಅವನನ್ನು ಯಾರೂ ಕೇಳಲಿಲ್ಲ; ಮುಂದೊಂದು ದಿನ ಆ ಬಂದೂಕಿನ ಎದುರಿಗೆ ನಿಲ್ಲಬೇಕಾದವನು ಅವನು. ಅವನ ಸುರಕ್ಷತೆಯನ್ನು ಆ ಕ್ಯಾಮೆರಾ ಕಾಯಲಾರದು.

ಇದು ಬರಿಯ ಕಲ್ಪನೆಯಲ್ಲ. ೨೦೧೯ರ ಆಗಸ್ಟ್ ೩೧ರಂದು ಟೆಕ್ಸಾಸ್‌ನ ಮಿಡ್‌ಲ್ಯಾಂಡ್ ಮತ್ತು ಒಡೆಸ್ಸಾ ನಗರಗಳಲ್ಲಿ ಒಬ್ಬನು ವಾಹನದಲ್ಲಿ ಸಾಗುತ್ತಾ ಗುಂಡು ಹಾರಿಸಿ ೭ ಮಂದಿಯನ್ನು ಕೊಂದನು. ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಅವನು ೨೦೧೪ರಲ್ಲಿ ಬಂದೂಕು ಕೊಳ್ಳಲು ಹೋದಾಗ ಪರಿಶೀಲನೆಯಲ್ಲಿ ಅನರ್ಹನೆಂದು ತಿಳಿದು ನಿರಾಕರಿಸಲ್ಪಟ್ಟಿದ್ದನು. ಆದರೆ ೨೦೧೬ರಲ್ಲಿ ಲಬ್ಬಕ್ ನಗರದ ಖಾಸಗಿ ವ್ಯಕ್ತಿಯೊಬ್ಬನಿಂದ, ಯಾವ ಪರಿಶೀಲನೆಯೂ ಇಲ್ಲದೆ, ಒಂದು ರೈಫಲನ್ನು ಕೊಂಡುಕೊಂಡನು. ಮಾರಿದವನಿಗೆ ೨೦೨೧ರಲ್ಲಿ ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು. ಲಾಭಕ್ಕಾಗಿ ಪರವಾನಗಿಯಿಲ್ಲದೆ ಬಂದೂಕು ವ್ಯಾಪಾರ ನಡೆಸಿದ್ದು, ಆದಾಯ ತೆರಿಗೆಯಲ್ಲಿ ಸುಳ್ಳು ಲೆಕ್ಕ ಕೊಟ್ಟದ್ದು - ಇವು ಅವನ ಮೇಲಿನ ಆರೋಪಗಳಾಗಿದ್ದವು. ಏಳು ಪ್ರಾಣಗಳ ಲೆಕ್ಕವನ್ನು ನ್ಯಾಯಾಲಯವು ಅವನಿಂದ ಕೇಳಲಿಲ್ಲ.  ಆ ಲೆಕ್ಕ ಅಂತರಾತ್ಮದ ಮುಂದೆ ಉಳಿದುಬಿಡುತ್ತದೆ.

ಗಮನಿಸಿ: ೨೦೧೪ರಲ್ಲಿ ಬೇಲಿ ತನ್ನ ಕೆಲಸ ಮಾಡಿತ್ತು. ಒಂದು ಬಾಗಿಲು ಮುಚ್ಚಿತ್ತು. ಎರಡು ವರ್ಷಗಳ ನಂತರ ಇನ್ನೊಂದು ಬಾಗಿಲು, ಯಾರೆಂದು ಕೇಳದೆಯೇ ತೆರೆದುಕೊಂಡಿತು.

‘ಅವನು ಅಂಥವನೆಂದು ನನಗೆ ಗೊತ್ತಿರಲಿಲ್ಲ’ ಎಂಬುದು ಇಂತಹ ಸಂದರ್ಭದಲ್ಲಿ ಸಹಜವಾದ ಉತ್ತರ. ಗೊತ್ತಿಲ್ಲದಿರುವುದು ನಮ್ಮನ್ನು ನಿರ್ದೋಷಿಗಳನ್ನಾಗಿ ಮಾಡುತ್ತದೆಯೇ? ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಅಜ್ಞಾನದಲ್ಲಿಯೂ ಭೇದಗಳಿವೆ ಎಂದು ವಿವೇಚಿಸಿದರು. ಎಷ್ಟು ಪ್ರಯತ್ನಿಸಿದರೂ ತಿಳಿಯಲಾಗದ ಅಜ್ಞಾನ ಒಂದು. ತಿಳಿಯಬಹುದಾಗಿದ್ದರೂ, ತಿಳಿಯಬೇಕಾಗಿದ್ದರೂ ತಿಳಿಯಲೊಲ್ಲದ ಅಜ್ಞಾನ ಇನ್ನೊಂದು. ಎರಡನೆಯದು ದೋಷವನ್ನು ತೊಳೆಯಲಾರದು, ಏಕೆಂದರೆ ಆ ಅಜ್ಞಾನವೇ ಆಯ್ಕೆ ಮಾಡಿಕೊಂಡದ್ದು. ಕೇಳಿದರೆ ಗಿರಾಕಿ ತಪ್ಪಿಹೋದಾನು, ತಿಳಿದರೆ ಮಾರಲಾಗದು ಎಂದು ಬಾಯಿ ಮುಚ್ಚಿಕೊಳ್ಳುವವನು ‘ಗೊತ್ತಿರಲಿಲ್ಲ’ ಎನ್ನುವುದು ಹೇಗೆ ಸಾಧ್ಯ?

ಹಾಗಾದರೆ ಮೂರನೆಯವನಿಗೂ ಸುರಕ್ಷಿತವಾದ ಸ್ಥಳ ಯಾವುದು? ಅಮೆರಿಕದಲ್ಲಿ ಅದಕ್ಕೆ ಸುಲಭವಾದ ಉತ್ತರವಿದೆ: ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಅಂಗಡಿ. ಇಬ್ಬರೂ ಒಟ್ಟಿಗೆ ಅಲ್ಲಿಗೆ ಹೋಗಬಹುದು. ಶುಲ್ಕ ಪಡೆದು ವ್ಯಾಪಾರಿಯು ಬಂದೂಕನ್ನು ತನ್ನ ದಫ್ತರದಲ್ಲಿ ದಾಖಲಿಸಿಕೊಳ್ಳುತ್ತಾನೆ, ಕೊಳ್ಳುವವನು ನಮೂನೆ ತುಂಬುತ್ತಾನೆ, ಪರಿಶೀಲನೆ ನಡೆಯುತ್ತದೆ. ಅನರ್ಹನಾದರೆ ಬಂದೂಕು ಅವನ ಕೈ ಸೇರುವುದಿಲ್ಲ. ಇನ್ನೊಂದು ಪ್ರಯೋಜನವೂ ಉಂಟು. ಅಪರಾಧ ನಡೆದಲ್ಲಿ ದೊರೆತ ಬಂದೂಕಿನ ಕ್ರಮಸಂಖ್ಯೆಯನ್ನು ಹಿಡಿದು ಅಧಿಕಾರಿಗಳು ತಯಾರಕನಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಮೊದಲ ಗಿರಾಕಿಯವರೆಗೆ ಜಾಡು ಹಿಡಿಯಬಲ್ಲರು. ಆಮೇಲೆ ದಾಖಲೆಯಿಲ್ಲದೆ ಕೈ ಬದಲಾಗಿದ್ದರೆ ಜಾಡು ಅಲ್ಲಿಗೆ ಕಡಿದುಹೋಗುತ್ತದೆ. ಅಂಗಡಿಯ ದಫ್ತರವು ಪ್ರಾಮಾಣಿಕನಾದ ಮಾರಾಟಗಾರನಿಗೂ ಸಾಕ್ಷಿಯಾಗುತ್ತದೆ.

ಆಕ್ಷೇಪಗಳು ಇಲ್ಲದಿಲ್ಲ. ‘ಕೊಳ್ಳುವವರಲ್ಲಿ ಬಹುಪಾಲು ಸಜ್ಜನರೇ, ಅವರನ್ನೇಕೆ ಅನುಮಾನಿಸಬೇಕು?’ ನಿಜ, ಬಹುಪಾಲು ಸಜ್ಜನರೇ. ಆದರೆ ಎಲ್ಲರಿಗೂ ಒಂದೇ ನಿಯಮವಿದ್ದಲ್ಲಿ ಯಾರಿಗೂ ಅವಮಾನವಿಲ್ಲ. ‘ನಾನು ಕೊಡದಿದ್ದರೆ ಇನ್ನೊಬ್ಬ ಕೊಡುತ್ತಾನೆ.’ ಇರಬಹುದು, ಆದರೆ ಇನ್ನೊಬ್ಬನ ಪಾಪವು ನನ್ನ ಪಾಪಕ್ಕೆ ಅನುಮತಿಪತ್ರವಲ್ಲ. ‘ಸರ್ಕಾರವು ನಾಗರಿಕರ ಆಯುಧಗಳ ಪಟ್ಟಿ ಮಾಡೀತು’ ಎಂಬ ಭಯ ಅಲ್ಲಿ ಹಲವರಲ್ಲಿದೆ. ಅಧಿಕಾರದ ದುರುಪಯೋಗವನ್ನು ಕಂಡ ಜನರ ಈ ಭಯವನ್ನು ನಾವು ಹಗುರವಾಗಿ ಕಾಣಬಾರದು. ಆದರೂ ಎಂದೋ ಆಗಬಹುದಾದ ದುರುಪಯೋಗದ ಭಯವನ್ನು, ಅನರ್ಹನ ಕೈಗೆ ಇಂದೇ ಬಂದೂಕು ಸೇರುವ ಅಪಾಯದೊಡನೆ ತೂಗಿ ನೋಡಬೇಕಾಗುತ್ತದೆ. ಕಾನೂನು ಕಡ್ಡಾಯ ಮಾಡದ ಕಡೆ ಅಂಗಡಿಗೇ ಬರಬೇಕೆನ್ನುವವನು ಕೆಲವು ಗಿರಾಕಿಗಳನ್ನು ಕಳೆದುಕೊಳ್ಳುತ್ತಾನೆ. ಈ ನಷ್ಟ ನಿಜವಾದದ್ದು. ಬೆಲೆ ತೆರದೆ ನಡೆಯುವ ನೀತಿ ಅಪರೂಪ.

ಆದರೆ ಪರಿಶೀಲನೆಯೊಂದೇ ಸಾಕೆಂದೂ ಭಾವಿಸಬಾರದು. ದಾಖಲೆಗೆ ಗೊತ್ತಿರುವುದು ದಾಖಲೆಯಾದದ್ದು ಮಾತ್ರ. ಪ್ಲೇಟೋ ಹೇಳಿದ ಆ ಮಿತ್ರನ ಹೆಸರು ಯಾವ ಪಟ್ಟಿಯಲ್ಲಿಯೂ ಇರುತ್ತಿರಲಿಲ್ಲ. ಎದುರಿಗೆ ನಿಂತವನು ಮಾತ್ರ ಅವನ ಸ್ಥಿತಿಯನ್ನು ಕಾಣಬಲ್ಲವನಾಗಿದ್ದನು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಎಂದರೆ ನಾವು ಹೇಳಿದ ಆ ಮೂರನೆಯವನು ಕೆಲವೊಮ್ಮೆ ಕೊಳ್ಳಲು ಬಂದವನೇ ಆಗಿರುತ್ತಾನೆ. ಅವಸರ, ಒಡೆದ ಧ್ವನಿ, ಬಂದೂಕಿನ ಬಗ್ಗೆ ಏನನ್ನೂ ಕೇಳದೆ ಇಂದೇ ಬೇಕೆನ್ನುವ ಹಟ - ಇವನ್ನು ಕಂಡ ಮಾರಾಟಗಾರನಿಗೆ ‘ಇಂದು ಬೇಡ’ ಎನ್ನುವ ಹಕ್ಕೂ ಇದೆ, ಕರ್ತವ್ಯವೂ ಇದೆ. ಅವಸರದಲ್ಲಿ ಮುಗಿಸಿ ಹೊರಡುವ ಸ್ಥಳದಲ್ಲಿ ಮುಖ ಕಾಣುವುದಿಲ್ಲ. ಕುಳಿತು ನಾಲ್ಕು ಮಾತನಾಡುವ ಸ್ಥಳದಲ್ಲಿ ಕಂಡೀತು.

ವಿದೇಶದಲ್ಲಿರುವ ನಮ್ಮ ಮಕ್ಕಳಿಗೆ ಇಲ್ಲೊಂದು ಎಚ್ಚರಿಕೆಯ ಮಾತನ್ನು ತಿಳಿಸುವುದು ಒಳಿತು. ಎಚ್-೧ಬಿಯಂತಹ ತಾತ್ಕಾಲಿಕ ವೀಸಾದ ಮೇಲೆ ಅಮೆರಿಕದಲ್ಲಿರುವವರು, ಬೇಟೆಯ ಪರವಾನಗಿ ಹೊಂದಿರುವುದೇ ಮೊದಲಾದ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನು ಕೊಳ್ಳುವಂತೆಯೂ ಇಲ್ಲ, ಇರಿಸಿಕೊಳ್ಳುವಂತೆಯೂ ಇಲ್ಲ. ಖಾಸಗಿಯಾಗಿ ಮಾರುವವನು ವೀಸಾ ಕೇಳದೇ ಇರಬಹುದು. ಆತ ಕೇಳಲಿಲ್ಲವೆಂದು ಅಪರಾಧವು ಅಪರಾಧವಲ್ಲದೆ ಹೋಗುವುದಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮ ೧೯೫೯ರ ಆಯುಧ ಕಾಯಿದೆಯೂ ಸಾಮಾನ್ಯ ನಾಗರಿಕನಿಗೆ ತನ್ನ ಕೋವಿಯನ್ನು ಅರ್ಹನಾದ ಇನ್ನೊಬ್ಬನಿಗೆ ಮಾರಲು ಅವಕಾಶ ಕೊಟ್ಟಿದೆ. ಆದರೆ ಕೊಳ್ಳುವವನ ಹೆಸರು, ವಿಳಾಸಗಳನ್ನು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಕನಿಷ್ಠ ೪೫ ದಿನಗಳು ಕಳೆದ ಮೇಲೆಯೇ ಕೊಡಬೇಕು. ಎರಡೇ ಕೈಗಳ ನಡುವೆ ಕೋವಿ ಸಾಗಬಾರದು, ಮೂರನೆಯ ಕಣ್ಣೊಂದು ನೋಡಬೇಕು ಎಂಬುದೇ ಇದರ ತಾತ್ಪರ್ಯ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿಯಿದೆ. ೨೦೨೧ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಮನೆತನದ ವಸ್ತು. ಅದು ಯಾರ ಮನೆಯದೆಂದು ಊರಿಗೆ ಗೊತ್ತಿರುತ್ತದೆ.

ಪರವಾನಗಿ ಹೊಂದಿದ ಹಿರಿಯರು ತೀರಿಕೊಂಡ ಮೇಲೆ ಅವರ ಕೋವಿಯನ್ನು ಅಟ್ಟದ ಮೇಲೋ ಕಪಾಟಿನ ಹಿಂದೆಯೋ ಹಾಗೆಯೇ ಬಿಡುವ ಮನೆಗಳೂ ಇರಬಹುದು. ಬೇಲಿಯಾಚೆಯ ನೆರೆಯವನು ಬಂದು ‘ಹಂದಿ ಕಾಟ, ನನಗೇ ಕೊಟ್ಟುಬಿಡಿ’ ಎಂದರೆ, ನಮ್ಮವನೇ ಅಲ್ಲವೇ ಎಂದು ಕೊಟ್ಟುಬಿಡುವ ಮನಸ್ಸಾಗುವುದು ಸಹಜ. ಹಾಗೆ ಮಾಡಬೇಡಿ. ವಾರಸುದಾರರು ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿಯೋ ಪರವಾನಗಿ ಪಡೆದ ವ್ಯಾಪಾರಿಯಲ್ಲಿಯೋ ಠೇವಣಿಯಿಟ್ಟು, ಅನಂತರ ಕ್ರಮಪ್ರಕಾರ ಪರವಾನಗಿಗೆ ಅರ್ಜಿ ಹಾಕುವುದೋ ಮಾರುವುದೋ ಮಾಡಬೇಕು. ಅಲೆದಾಟವಾಗಬಹುದು, ಗುಮಾಸ್ತರ ಮೇಜಿನ ಮುಂದೆ ಕಾಯಬೇಕಾಗಬಹುದು. ಆ ಕಾಯುವಿಕೆಯು ನಾವು ಎಂದೂ ನೋಡದ ಯಾರೋ ಒಬ್ಬರಿಗಾಗಿ ಮಾಡುವ ಸೇವೆಯೆಂದು ತಿಳಿಯೋಣ.

ಕಾನೂನು ನಮ್ಮಿಂದ ಕೇಳುವುದು ಕನಿಷ್ಠವನ್ನು. ಎಲ್ಲಿ ಅದು ಸುಮ್ಮನಾಗುತ್ತದೆಯೋ ಅಲ್ಲಿಂದ ಅಂತರಾತ್ಮದ ಕೆಲಸ ಆರಂಭವಾಗುತ್ತದೆ. ಆಯುಧವೊಂದು ನಿಮ್ಮ ಕೈಯಿಂದ ಇನ್ನೊಂದು ಕೈಗೆ ಹೋಗಬೇಕಾದ ದಿನ ಬಂದರೆ, ನಿಮಗೆ ಸುರಕ್ಷಿತವಾದ ಸ್ಥಳವನ್ನು ಹುಡುಕಿ. ಅದರ ಜೊತೆಯಲ್ಲಿಯೇ, ಅಲ್ಲಿಗೆ ಬರಲಾರದ ಆ ಮೂರನೆಯವನಿಗೂ ಅದು ಸುರಕ್ಷಿತವೇ ಎಂದು ಒಮ್ಮೆ ಕೇಳಿಕೊಳ್ಳಿ.