ಲೆಕ್ಕಕ್ಕೆ ಸಿಗದ ಗೆಲುವು

1938ರ ಏಪ್ರಿಲ್ 10ರಂದು ಆಸ್ಟ್ರಿಯಾದ ಜನ ಮತಗಟ್ಟೆಗೆ ಹೋಗಿ, ತಮ್ಮ ದೇಶ ಹಿಟ್ಲರನ ಜರ್ಮನಿಯಲ್ಲಿ ಕರಗಿಹೋದದ್ದಕ್ಕೆ ಒಪ್ಪಿಗೆ ಕೊಟ್ಟು ಬಂದರು. ಬವೇರಿಯಾದ ಗಡಿಗೆ ಅಂಟಿಕೊಂಡ ಸಾಂಕ್ಟ್ ರಾಡೆಗುಂಡ್ ಎಂಬ ಪುಟ್ಟ ಹಳ್ಳಿಯಲ್ಲಿ ಒಬ್ಬನೇ ಒಬ್ಬ ರೈತ ‘ಬೇಡ’ ಎಂದು ಮತ ಹಾಕಿದ. ಊರಿನ ಅಧಿಕಾರಿಗಳು ಆ ಚೀಟಿಯನ್ನು ಲೆಕ್ಕಕ್ಕೇ ಹಿಡಿಯದೆ, ನಮ್ಮೂರು ನೂರಕ್ಕೆ ನೂರು ಒಪ್ಪಿದೆ ಎಂದು ಮೇಲಕ್ಕೆ ವರದಿ ಕಳಿಸಿದರು. ರೈತನ ಹೆಸರು ಫ್ರಾನ್ಸ್ ಯೇಗರ್‌ಸ್ಟೆಟರ್. ಐದು ವರ್ಷಗಳ ಮೇಲೆ, 1943ರ ಆಗಸ್ಟ್ 9ರಂದು, ಹಿಟ್ಲರನ ಯುದ್ಧದಲ್ಲಿ ಆಯುಧ ಹಿಡಿಯಲಾರೆ ಎಂದದ್ದಕ್ಕಾಗಿ ಬ್ರಾಂಡೆನ್‌ಬುರ್ಗ್ ಸೆರೆಮನೆಯಲ್ಲಿ ಅವನ ಶಿರಚ್ಛೇದವಾಯಿತು. ಆಗ ಅವನಿಗೆ 36 ವರ್ಷ.

ಇಂಥ ಸಾವನ್ನು ಕ್ರೈಸ್ತ ನಂಬಿಕೆ ಗೆಲುವು ಎಂದು ಕರೆಯುತ್ತದೆ. ಸತ್ತವನ ಮನೆಯವರನ್ನು ಸಂತೈಸಲು ಆಡುವ ಮಾತಲ್ಲ ಅದು. ಅಲ್ಲೊಂದು ಯುದ್ಧ ನಡೆಯಿತು, ತಲೆ ಕಳೆದುಕೊಂಡವನೇ ಗೆದ್ದ, ಕತ್ತರಿಸಿದವರು ಸೋತರು ಎಂಬುದು ಅದರ ನೇರ ಅರ್ಥ. ಈ ಮಾತನ್ನು ಆದಿತ್ಯವಾರದ ಪ್ರಸಂಗದಲ್ಲಿ ಕೇಳಿ ತಲೆದೂಗಿ ಮನೆಗೆ ಹೋಗುವವರ ಮೇಲೂ, ಸೋತವರು ಕಟ್ಟಿಕೊಂಡ ಕಥೆ ಎಂದು ತಳ್ಳಿಹಾಕುವವರ ಮೇಲೂ ನನಗೆ ತಕರಾರಿದೆ. ಇಬ್ಬರೂ ಅದನ್ನು ಅದರ ಪೂರ್ತಿ ಭಾರದೊಂದಿಗೆ ಎತ್ತಿ ನೋಡಿಲ್ಲ.

ಎಫೆಸದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಪೌಲ, ರೋಮನ್ ಸೈನಿಕನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡವನಂತೆ, ನಡುಕಟ್ಟಿನಿಂದ ಶಿರಸ್ತ್ರಾಣದವರೆಗೆ ಒಂದೊಂದು ಸರಂಜಾಮಿಗೂ ಸತ್ಯ, ನೀತಿ, ನಂಬಿಕೆ, ರಕ್ಷಣೆ ಎಂದು ಹೆಸರಿಡುತ್ತ ಹೋಗುತ್ತಾನೆ. ಪಟ್ಟಿ ಶುರುವಾಗುವ ಮುಂಚೆಯೇ ಅವನು ಒಂದು ಷರತ್ತು ಹಾಕಿರುತ್ತಾನೆ: ಈ ಕಾಳಗ ರಕ್ತಮಾಂಸವುಳ್ಳ ಮನುಷ್ಯರ ಮೇಲಿನದಲ್ಲ. ಚರ್ಚಿನ ಇತಿಹಾಸದ ದೊಡ್ಡ ಪಾಲು ಈ ಷರತ್ತನ್ನು ಮರೆತದ್ದರ ಇತಿಹಾಸ. 312ರಲ್ಲಿ ಮಿಲ್ವಿಯನ್ ಸೇತುವೆಯ ಬಳಿ ಗೆದ್ದ ಕಾನ್‌ಸ್ಟಂಟೈನ್ ಆ ಗೆಲುವನ್ನು ಕ್ರಿಸ್ತನ ಚಿಹ್ನೆಯ ಲೆಕ್ಕಕ್ಕೆ ಬರೆಸಿದ. 1099ರಲ್ಲಿ ಅದೇ ಶಿಲುಬೆಯನ್ನು ಬಟ್ಟೆಯ ಮೇಲೆ ಹೊಲಿಸಿಕೊಂಡವರು ಜೆರುಸಲೇಮಿನ ಬೀದಿಗಳಲ್ಲಿ ಹೆಣ ಉರುಳಿಸಿದರು. ಇವತ್ತಿಗೂ ಆತ್ಮಿಕ ಯುದ್ಧ ಎಂದು ವೇದಿಕೆಯ ಮೇಲೆ ಕೂಗುವ ಕೆಲವರು ಬೆರಳು ತೋರುವುದು ಪಕ್ಕದ ಬೀದಿಯ ಮನುಷ್ಯನ ಕಡೆಗೆ, ಅವನ ಮನೆದೇವರ ಕಡೆಗೆ. ಶತ್ರುವಿಗೆ ಮನುಷ್ಯನ ಮುಖ ಅಂಟಿಸಿದ ಕ್ಷಣದಿಂದ ಅದು ಪೌಲ ಹೇಳಿದ ಯುದ್ಧವಾಗಿ ಉಳಿಯುವುದಿಲ್ಲ. ಈ ವಿಷಯದಲ್ಲಿ ರಾಜಿಗೆ ಜಾಗವಿದೆ ಎಂದು ನನಗನ್ನಿಸುವುದಿಲ್ಲ.

ಹಾಗಾದರೆ ಆ ಶತ್ರುವಿಗೆ ಬೇಕಾದದ್ದೇನು? ನಾಲ್ಕನೆಯ ಶತಮಾನದಲ್ಲಿ ನಿಸ್ಸಾದ ಗ್ರೆಗರಿ ಕೊಟ್ಟ ಉತ್ತರದಲ್ಲಿ ಸೈತಾನ ಒಂದು ಮೀನು. ಕ್ರಿಸ್ತನ ಮಾನವದೇಹವೆಂಬ ಎರೆಯನ್ನು ನುಂಗಿ, ಒಳಗಿದ್ದ ದೈವತ್ವದ ಗಾಳಕ್ಕೆ ಸಿಕ್ಕಿಕೊಂಡ. ದೇವರನ್ನು ಮೋಸಗಾರನನ್ನಾಗಿ ಮಾಡುವ ಈ ಚಿತ್ರ ಅನೇಕರಿಗೆ ಹಿಡಿಸಲಿಲ್ಲ. 1098ರಲ್ಲಿ ಗ್ರಂಥ ಮುಗಿಸಿದ ಆನ್ಸೆಲ್ಮ್ ಸೈತಾನನಿಗೆ ಮನುಷ್ಯರ ಮೇಲೆ ಯಾವ ಹಕ್ಕೂ ಇಲ್ಲ ಎಂದು ಅವನನ್ನು ವ್ಯವಹಾರದಿಂದಲೇ ಹೊರಗಿಟ್ಟು, ಶಿಲುಬೆಯನ್ನು ದೇವರ ಗೌರವಕ್ಕೆ ಸಲ್ಲಬೇಕಾದ ಋಣದ ತೀರುವಳಿಯಾಗಿ ವಿವರಿಸಿದ. ಹಳೆಯ ಯುದ್ಧಚಿತ್ರವೇ ಆದಿಕ್ರೈಸ್ತರ ನಿಜವಾದ ತಿಳಿವಳಿಕೆ ಎಂದು 1930ರಲ್ಲಿ ಸ್ವೀಡನ್ನಿನ ಗುಸ್ತಾಫ್ ಔಲೇನ್ ಮತ್ತೆ ವಾದ ಎತ್ತಿದ. ನಾನು ಔಲೇನ್ ಕಡೆಯವನು. ಆದರೆ ಅದಕ್ಕೆ ಗಾಳ, ಎರೆ ಯಾವುದೂ ಬೇಕಿಲ್ಲ. ಸುವಾರ್ತೆಯ ಅಡವಿಯ ಪ್ರಸಂಗ ಸಾಕು. ಅಲ್ಲಿ ಸೈತಾನ ಲೋಕದ ಎಲ್ಲ ರಾಜ್ಯಗಳನ್ನೂ ಯೇಸುವಿನ ಮುಂದಿಟ್ಟು ಬದಲಿಗೆ ಕೇಳುವುದು ಒಂದೇ ಒಂದು ಅಡ್ಡಬೀಳುವಿಕೆ. ಹೊಲ, ಹಣ, ಪ್ರಾಣ ಇದ್ಯಾವುದನ್ನೂ ಅವನು ಕೇಳುವುದಿಲ್ಲ. ಅವನಿಗೆ ಬೇಕಿರುವುದು ಒಪ್ಪಿಗೆ. ಶಿಲುಬೆಯ ಮೇಲೂ ಅದೇ ಪರೀಕ್ಷೆ: ಇಳಿದು ಬಾ ಎಂಬ ಕೂಗು ಒಂದು ಕಡೆ, ಮೊಳೆ ಹೊಡೆದವರನ್ನು ದ್ವೇಷಿಸುವ ಅವಕಾಶ ಇನ್ನೊಂದು ಕಡೆ. ಕೆಡುಕು ತನ್ನಲ್ಲಿದ್ದ ಅಸ್ತ್ರವನ್ನೆಲ್ಲ ಖರ್ಚು ಮಾಡಿದ ಮೇಲೂ ಆ ಒಪ್ಪಿಗೆ ಅದರ ಕೈಗೆ ಬರಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಶಿಲುಬೆಯನ್ನು ವಿಜಯದ ಮೆರವಣಿಗೆಯಾಗಿ ಕಾಣುವುದು ಈ ಕಾರಣಕ್ಕೆ. ಯಾರ ಕಣ್ಣಿಗೂ ಬೀಳದಿದ್ದರೂ, ಶುಕ್ರವಾರ ಸಂಜೆಗೇ ಯುದ್ಧ ಮುಗಿದಿತ್ತು.

ಯೇಗರ್‌ಸ್ಟೆಟರ್‌ಗೆ ಈ ಸಿದ್ಧಾಂತಗಳ ಪರಿಚಯ ಎಷ್ಟಿತ್ತೋ ಏನೋ, ಯುದ್ಧದ ಸ್ವರೂಪ ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು. ಅವನು ಹುಟ್ಟು ಸಂತನೇನಲ್ಲ. ಹರೆಯದಲ್ಲಿ ಊರಿಗೆ ಮೊದಲ ಮೋಟಾರ್ ಸೈಕಲ್ ತಂದವನು, ಮದುವೆಗೆ ಮುಂಚೆಯೇ ಒಂದು ಮಗುವಿನ ತಂದೆಯಾದವನು. 1936ರಲ್ಲಿ ಫ್ರಾನ್ಸಿಸ್ಕಾಳನ್ನು ಮದುವೆಯಾದ ಮೇಲೆ ಅವನ ಭಕ್ತಿ ಆಳವಾಯಿತು. 1938ರಲ್ಲಿ ಅವನಿಗೊಂದು ಕನಸು ಬಿತ್ತು: ಬೆಟ್ಟ ಬಳಸಿ ಬರುತ್ತಿರುವ ಸುಂದರವಾದ ರೈಲು, ಅದಕ್ಕೆ ಹತ್ತಲು ಮಕ್ಕಳು ಮುದುಕರೆನ್ನದೆ ಮುಗಿಬೀಳುತ್ತಿರುವ ಜನ, ಈ ರೈಲು ಹೋಗುವುದು ನರಕಕ್ಕೆ ಎನ್ನುವ ಒಂದು ದನಿ. ಆ ಕನಸಿಗೆ ಅವನು ಕೊಟ್ಟುಕೊಂಡ ಅರ್ಥ ನಾಜಿ ಪಕ್ಷ. ಅಷ್ಟಾದರೂ 1940ರಲ್ಲಿ ಕರೆ ಬಂದಾಗ ಹೋಗಿ, ತಿಂಗಳುಗಟ್ಟಲೆ ಸೈನಿಕ ತರಬೇತಿ ಪಡೆದ. ಊರಿನ ಅಧ್ಯಕ್ಷನ ಪ್ರಯತ್ನದಿಂದ ಬಿಡುಗಡೆಯಾಗಿ ಬಂದು, ಊರಿನ ಚರ್ಚಿನಲ್ಲಿ ಬಲಿಪೂಜೆಗೆ ಪೀಠ ಸಿದ್ಧಪಡಿಸುವ ಪರಿಚಾರಕನಾದ. ಇನ್ನೊಮ್ಮೆ ಕರೆ ಬಂದರೆ ಹೋಗುವುದಿಲ್ಲ ಎಂಬ ನಿರ್ಧಾರ ಗಟ್ಟಿಯಾದದ್ದು ಈ ದಿನಗಳಲ್ಲಿ.

ಅವನನ್ನು ತಡೆಯಲು ಬಂದವರಾರೂ ದುಷ್ಟರಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ತಾಯಿ ಬೇಡಿಕೊಂಡಳು, ನೆಂಟರು ಗದರಿದರು. ಲಿಂಟ್ಸ್‌ನ ಧರ್ಮಾಧ್ಯಕ್ಷ ಫ್ಲೀಸರ್ ಬಳಿಗೆ ಅವನು ಪ್ರಶ್ನೆಗಳನ್ನು ಬರೆದುಕೊಂಡೇ ಹೋದ. ಯುದ್ಧ ನ್ಯಾಯವೋ ಅಲ್ಲವೋ ಎಂದು ತೀರ್ಮಾನಿಸುವುದು ಸಾಮಾನ್ಯ ಪ್ರಜೆಯ ಹೊಣೆಯಲ್ಲ, ನಿನ್ನ ಹೊಣೆ ನಿನ್ನ ಸಂಸಾರ ಎಂಬ ಉತ್ತರ ಸಿಕ್ಕಿತು. ಮಾತು ಮೃದು, ಅನುಭವದ್ದು, ಸಭ್ಯವಾದದ್ದು. ಆತ್ಮಿಕ ಯುದ್ಧದಲ್ಲಿ ಶತ್ರು ಕೋಡು ಬಾಲ ಇಟ್ಟುಕೊಂಡು ಬರುತ್ತಾನೆ ಎಂದುಕೊಂಡವರು ಈ ಕೋಣೆಯನ್ನೊಮ್ಮೆ ಕಲ್ಪಿಸಿಕೊಳ್ಳಬೇಕು. ಇಲ್ಲಿ ಶತ್ರು ಆ ಧರ್ಮಾಧ್ಯಕ್ಷನೂ ಅಲ್ಲ. ಅವನೂ ಹೆದರಿದ್ದ ಒಬ್ಬ ಮನುಷ್ಯ. ಎಲ್ಲರೂ ಮಾಡುತ್ತಿದ್ದಾರೆ, ನೀನೊಬ್ಬ ಮಾಡದಿದ್ದರೆ ಆಗುವುದೇನು ಎಂಬ, ಯಾರ ಬಾಯಿಂದಲೂ ಬರಬಹುದಾದ ಆ ವಾದವೇ ಶತ್ರು.

1943ರ ಮಾರ್ಚ್ 1ರಂದು ಎನ್ಸ್‌ನ ಸೇನಾ ಠಾಣೆಗೆ ತಾನೇ ಹೋಗಿ, ಆಯುಧ ಹಿಡಿಯುವುದಿಲ್ಲ ಎಂದ. ಲಿಂಟ್ಸ್ ಸೆರೆಮನೆ, ಅಲ್ಲಿಂದ ಬರ್ಲಿನ್ನಿನ ಟೇಗೆಲ್. ಗಾಯಾಳುಗಳ ಸೇವೆ ಮಾಡುತ್ತೇನೆ ಎಂದು ಕೇಳಿಕೊಂಡದ್ದು ನಡೆಯಲಿಲ್ಲ. ಜುಲೈ 6ರಂದು ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಸೆರೆಯಲ್ಲಿದ್ದಾಗ ಮನೆಯಿಂದ ಒಂದು ಫೋಟೋ ಬಂದಿತ್ತು: ಫ್ರಾನ್ಸಿಸ್ಕಾಳ ಮೂವರು ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದಾರೆ, ದೊಡ್ಡವಳಿಗೂ ಆರು ತುಂಬಿಲ್ಲ, ಅಪ್ಪ ಬೇಗ ಬಾ ಎಂದು ಬರೆದ ಫಲಕ ಅವರ ಜೊತೆಗಿದೆ. ಆ ಫೋಟೋ ಕೈಯಲ್ಲಿರುವಾಗ ಒಪ್ಪಿಗೆಯ ಒಂದು ರುಜು ಹಾಕದೆ ಉಳಿಯುವುದು ಎಂಥದೆಂದು ನಾನು ಊಹಿಸಲಾರೆ. ಬಲಿದಾನ ಎಂಬುದು ರಕ್ತ ಹರಿಯುವ ಗಳಿಗೆಯಲ್ಲಿ ಆಗುವಂಥದ್ದಲ್ಲ. ಆ ಫೋಟೋ ಎದುರಿಗಿಟ್ಟುಕೊಂಡ ಪ್ರತಿ ಬೆಳಿಗ್ಗೆಯೂ ಅದು ಆಗುತ್ತಿತ್ತು. ಕೈಗೆ ಬೇಡಿ ಬಿದ್ದಿದೆ, ಸಂಕಲ್ಪಕ್ಕೆ ಬಿದ್ದಿಲ್ಲ, ಅಷ್ಟು ಸಾಕು ಎಂಬರ್ಥದ ಮಾತನ್ನು ಅವನು ಸೆರೆಮನೆಯಲ್ಲಿ ಬರೆದಿಟ್ಟಿದ್ದಾನೆ.

ಇದನ್ನು ಗೆಲುವು ಎನ್ನುವುದು ಆತ್ಮವಂಚನೆ ಎನ್ನುವವರಿಗೆ ನನ್ನ ಪ್ರಶ್ನೆ: ಆ ಪ್ರಭುತ್ವಕ್ಕೆ ಅವನಿಂದ ಬೇಕಿದ್ದದ್ದೇನು? ಇನ್ನೊಬ್ಬ ಸಿಪಾಯಿಯೇ? ಅಂಥವರು ಅದರ ಬಳಿ ಲಕ್ಷಗಟ್ಟಲೆ ಇದ್ದರು. ಹೊಲ ಉಳುವವನೊಬ್ಬನ ‘ಹೂಂ’ಗಾಗಿ ಒಂದು ಸಾಮ್ರಾಜ್ಯ ನ್ಯಾಯಾಧೀಶರನ್ನು ಕೂರಿಸಿ, ವಕೀಲನನ್ನು ನೇಮಿಸಿ, ಕೊನೆಗೆ ಕತ್ತಿ ಎತ್ತಿತು ಎಂದರೆ, ಆ ‘ಹೂಂ’ಗೆ ಇದ್ದ ಬೆಲೆ ಅದಕ್ಕೂ ಗೊತ್ತಿತ್ತು. ಅದು ಸಿಗಲಿಲ್ಲ. ಕೊಂದದ್ದರಿಂದ ಇನ್ನು ಸಿಗುವ ದಾರಿಯೂ ಮುಚ್ಚಿತು.

ಕೆಲವು ಭಕ್ತರ ವಾದ ಬೇರೆ. ಕಾಲ ಅವನನ್ನು ಗೆಲ್ಲಿಸಿತು ಎನ್ನುತ್ತಾರೆ. ಅಮೆರಿಕದ ಗಾರ್ಡನ್ ಝಾನ್ 1964ರಲ್ಲಿ ಅವನ ಬಗ್ಗೆ ಪುಸ್ತಕ ಬರೆದರು. ಹಿಂದೆ ಮುಂಬಯಿಯ ಮಹಾಧರ್ಮಾಧ್ಯಕ್ಷರಾಗಿದ್ದ ಥಾಮಸ್ ರಾಬರ್ಟ್ಸ್ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಅವನ ಉದಾಹರಣೆಯನ್ನು ಮುಂದಿಟ್ಟರು. 1997ರಲ್ಲಿ ಬರ್ಲಿನ್ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. 2007ರ ಅಕ್ಟೋಬರ್ 26ರಂದು ಲಿಂಟ್ಸ್‌ನಲ್ಲಿ, ಅದೇ ಧರ್ಮಪ್ರಾಂತ್ಯದಲ್ಲಿ, ಅವನನ್ನು ಧನ್ಯನೆಂದು ಸಾರಲಾಯಿತು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಇದನ್ನೇ ಗೆಲುವು ಎಂದರೆ ಕಣ್ಣಿಗೆ ಕಾಣದ ಗೆಲುವು ಎಂಬ ಮಾತನ್ನು ಕೈಬಿಟ್ಟಂತೆ. ತಡವಾಗಿ ಕಂಡ ಗೆಲುವು ಅಂತಷ್ಟೇ ಆಗುತ್ತದೆ. ಝಾನ್ ಆ ಹಳ್ಳಿಗೆ ಹೋಗದೇ ಇದ್ದಿದ್ದರೆ? ಆಯುಧ ಮುಟ್ಟುವುದಿಲ್ಲವೆಂದು ಅದೇ ವರ್ಷಗಳಲ್ಲಿ ಪ್ರಾಣ ಕೊಟ್ಟ ಯೆಹೋವನ ಸಾಕ್ಷಿಗಳು ಇನ್ನೂರಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಹೆಸರು ಉಳಿಯಿತೋ ಅಳಿಯಿತೋ ಎಂಬುದರ ಮೇಲೆ ಅವರ ಗೆಲುವು ನಿಂತಿಲ್ಲ. ಪ್ರಕಟನೆ ಗ್ರಂಥದಲ್ಲಿ ಸಿಂಹ ಗೆದ್ದಿದೆ ಎಂದು ಕೇಳಿ ತಿರುಗಿ ನೋಡಿದವನಿಗೆ ಕಂಡದ್ದು ಕೊಯ್ಯಲ್ಪಟ್ಟ ಕುರಿಮರಿ. ಕುರಿಮರಿ ಆಮೇಲೆ ಸಿಂಹವಾಗುತ್ತದೆ ಎಂದು ಅಲ್ಲಿ ಎಲ್ಲೂ ಹೇಳಿಲ್ಲ.

ಬಲಿದಾನದ ಈ ಮಾತು ಅಪಾಯಕಾರಿಯೂ ಹೌದು. ಹೊಡೆತ ತಿನ್ನುವ ಹೆಂಡತಿಗೆ ನಿನ್ನ ಶಿಲುಬೆಯನ್ನು ಹೊತ್ತುಕೋ ಎಂದ ಪಾದ್ರಿಗಳಿದ್ದಾರೆ, ಕೂಲಿ ಕೇಳಿದವನಿಗೆ ಪರಲೋಕದ ಬಹುಮಾನ ತೋರಿಸಿದ ಧಣಿಗಳಿದ್ದಾರೆ. ಬಲಿದಾನವನ್ನು ತಾನು ಕೊಡಬಹುದೇ ಹೊರತು ಇನ್ನೊಬ್ಬರಿಂದ ಕೇಳಲು ಬರುವುದಿಲ್ಲ. ಕೇಳಿದ ಕ್ಷಣ ಕೇಳಿದವನು ಪಿಲಾತನ ಪಕ್ಕ ನಿಂತಿರುತ್ತಾನೆ. ಯೇಗರ್‌ಸ್ಟೆಟರ್ ತನ್ನೂರಿನ ಯಾವ ಯುವಕನನ್ನೂ ನೀನು ಹೋದದ್ದು ಪಾಪ ಎಂದು ಹಂಗಿಸಿದವನಲ್ಲ.

ಆದರೂ ಅವನು ಕೊಟ್ಟದ್ದರಲ್ಲಿ ಅವನದಲ್ಲದ್ದೂ ಇತ್ತಲ್ಲ? ಈ ಪ್ರಶ್ನೆಯಿಂದ ಜಾರಿಕೊಳ್ಳುವ ಯಾವ ವಾದವನ್ನೂ ನಾನು ನಂಬಲಾರೆ. ಮೊದಮೊದಲು ಫ್ರಾನ್ಸಿಸ್ಕಾ ಕೂಡ ಬೇಡವೆಂದೇ ಹೇಳಿದವಳು. ಎಲ್ಲರೂ ಅವನ ಮೇಲೆ ಬಿದ್ದಾಗ, ತಾನೂ ಬಿಟ್ಟರೆ ಅವನಿಗೆ ಯಾರೂ ಇಲ್ಲವೆಂದು ಜೊತೆ ನಿಂತಳು. ಅವಳದು ಅರಿತು ಕೊಟ್ಟ ಪಾಲು. ಯುದ್ಧ ಮುಗಿದ ಮೇಲೂ ಊರು ಆಕೆಯನ್ನು ದೂರಿತು, ವಿಧವಾ ವೇತನಕ್ಕೆ 1950ರವರೆಗೆ ಕಾಯಿಸಿದರು. 1946ರಲ್ಲಿ ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಅವಳ ಗಂಡನ ಕಥೆ ಅಚ್ಚಾಗಲು ಅದೇ ಧರ್ಮಾಧ್ಯಕ್ಷ ಬಿಡಲಿಲ್ಲ. ಕರ್ತವ್ಯವೆಂದು ಹೋರಾಡಿ ಮಡಿದವರೇ ದೊಡ್ಡ ವೀರರು ಎಂಬುದು ಅವನ ನಿಲುವು. ಆಕೆ ಹೊಲ ನೋಡಿಕೊಂಡು, ಮಕ್ಕಳನ್ನು ಬೆಳೆಸಿ, ನೂರು ವರ್ಷ ತುಂಬಿಸಿ 2013ರಲ್ಲಿ ತೀರಿಕೊಂಡಳು. ಮೂವರು ಮಕ್ಕಳನ್ನಂತೂ ಯಾರೂ ಕೇಳಿರಲಿಲ್ಲ.

ಸತ್ತವರ ಪುನರುತ್ಥಾನ ಇಲ್ಲದಿದ್ದರೆ ನಮ್ಮ ನಂಬಿಕೆ ವ್ಯರ್ಥ ಎಂಬುದು ಕೊರಿಂಥದವರಿಗೆ ಪೌಲ ಬರೆದದ್ದರ ಸಾರ. ಇದನ್ನು ನಾನು ಒಪ್ಪುವುದು ಅವನು ಕೊಡುವ ಕಾರಣಕ್ಕಿಂತ ಸ್ವಲ್ಪ ಬೇರೆ ಕಾರಣಕ್ಕೆ. ಯೇಗರ್‌ಸ್ಟೆಟರ್‌ನ ಗೆಲುವಿಗೆ ಪುನರುತ್ಥಾನದ ಆಸರೆ ಬೇಕಿಲ್ಲ; ಕತ್ತಿ ಬೀಳುವ ಮೊದಲೇ ಅದು ಪೂರ್ತಿಯಾಗಿತ್ತು, ದೇವರಿಲ್ಲ ಎನ್ನುವವನೂ ಅದನ್ನು ಒಪ್ಪಬಹುದು. ಪುನರುತ್ಥಾನ ಬೇಕಿರುವುದು ಆ ಫೋಟೋದಲ್ಲಿ ಫಲಕದ ಜೊತೆ ನಿಂತವರಿಗೆ. ಅಪ್ಪನ ಗೆಲುವಿಗೆ ತಾವು ಕೇಳದೆಯೇ ಬೆಲೆ ತೆತ್ತವರು ಅವರು, ಅವರ ಲೆಕ್ಕ ಇನ್ನೂ ಬಾಕಿಯಿದೆ. ಕೆಡುಕು ಸೋತರೆ ಸಾಲದು, ಅದು ಕಿತ್ತುಕೊಂಡದ್ದು ಕಳೆದುಕೊಂಡವರಿಗೇ ಮರಳಿ ಸಿಗಬೇಕು ಎಂದು ಕ್ರೈಸ್ತನೊಬ್ಬ ದೇವರ ಮುಂದೆ ಹಟ ಹಿಡಿಯಲು ಹಕ್ಕುಳ್ಳವನು, ಮತ್ತು ಈಸ್ಟರ್ ಮುಂಜಾನೆಯ ಪ್ರಾರ್ಥನೆಯಲ್ಲಿ ಅವನು ಕೇಳುತ್ತಿರುವುದು ಇದನ್ನೇ.