ಕಣ್ಣು ಕೊಟ್ಟು ಕೇಳುವ ಮಾತು

ಹೆಬ್ಬೆರಳು, ತೋರುಬೆರಳು, ಕಿರುಬೆರಳು ಚಾಚಿ ನಡುವಿನ ಎರಡನ್ನು ಮಡಿಸಿದರೆ ‘ಐ ಲವ್ ಯೂ’. ವಾಟ್ಸ್‌ಆಪ್‌ನಲ್ಲಿ ನಾವೆಲ್ಲ ಕಳಿಸುವ ಚಿತ್ರವೇ ಅದು. ಐ, ಎಲ್, ವೈ ಅಕ್ಷರಗಳನ್ನು ಒಂದೇ ಕೈಯಲ್ಲಿ ಕೂಡಿಸಿದ ಈ ಸನ್ನೆ ಹುಟ್ಟಿದ್ದು ಅಮೆರಿಕದಲ್ಲಿ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರ ತೋರಿಸಲು ಹೆಚ್ಚಾಗಿ ಎರಡೂ ಕೈ ಬೇಕು. ಜಗತ್ತಿನ ಕಿವುಡರಿಗೆಲ್ಲ ಒಂದೇ ಭಾಷೆ ಎನ್ನುವುದು ಕಿವಿಯುಳ್ಳ ನಮ್ಮ ಕಲ್ಪನೆ.

ಆದರೆ ಆ ಭಾಷೆಗಳಿಗೆಲ್ಲ ಸಾಮಾನ್ಯವಾದ ಒಂದು ಗುಣವಿದೆ. ದಾದರ್ ಸ್ಟೇಷನ್ನಿನ ಸಂಜೆಯ ಗದ್ದಲದಲ್ಲಿ ನಾವು ಪಕ್ಕದವರೊಡನೆಯೂ ಕೂಗಿ ಮಾತಾಡಬೇಕು. ಕಿವುಡ ದಂಪತಿ ಎದುರುಬದುರು ಪ್ಲಾಟ್‌ಫಾರ್ಮಿನಲ್ಲಿ ನಿಂತೇ, ನಡುವೆ ಲೋಕಲ್ ಬರುವ ತನಕ, ಮನೆಯ ಮಾತೆಲ್ಲ ಆಡಿಕೊಳ್ಳಬಲ್ಲರು. ಷರತ್ತು ಒಂದೇ: ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಬೇಕು. ಕಿವಿಗೆ ರೆಪ್ಪೆಯಿಲ್ಲ, ಬೇಡವೆಂದರೂ ಮಾತು ಒಳಗೆ ಬೀಳುತ್ತದೆ. ಕಣ್ಣಿಗೆ ರೆಪ್ಪೆಯಿದೆ. ಸನ್ನೆಯಲ್ಲಿ ಪ್ರೀತಿ ಹೇಳುವವನು ಮೊದಲು ಎದುರಿನವರ ನೋಟವನ್ನು ಬೇಡಬೇಕು. ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ‘ಹೂಂ’ ಎನ್ನುವ ಸೌಕರ್ಯ ಅಲ್ಲಿಲ್ಲ.

ಈ ನೋಟವನ್ನು ಕೊಡಬೇಕಾದವರು ಪ್ರೇಮಿಗಳಷ್ಟೇ ಅಲ್ಲ. ಕಿವುಡ ಮಕ್ಕಳಲ್ಲಿ ಬಹುಪಾಲು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. 1880ರಲ್ಲಿ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡರ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಸಾಕು ಎಂದು ನಿರ್ಣಯಿಸಿತು. 2010ರಲ್ಲಿ ವ್ಯಾಂಕೂವರಿನಲ್ಲಿ ಅದೇ ಸಮ್ಮೇಳನ ಆ ನಿರ್ಣಯವನ್ನು ತಿರಸ್ಕರಿಸಿ ವಿಷಾದ ಹೇಳಿತು. ನಡುವೆ 130 ವರ್ಷ. ಮಗು ಮಾತು ಕಲಿಯಲೆಂದು ಅದರ ಕೈ ಕಟ್ಟಿಸಿದ ಹಿರಿಯರಿಗೆ ಪ್ರೀತಿ ಇರಲಿಲ್ಲವೇ? ಇತ್ತು. ಆದರೆ ಆ ಪ್ರೀತಿ ಬದಲಾಗುವ ಹೊಣೆಯನ್ನೆಲ್ಲ ಮಗುವಿನ ಮೇಲೆ ಹಾಕಿತ್ತು.

ನಾವು ಈ ಊರಿಗೆ ಬಂದು ಕೆಲಸಕ್ಕಾಗಿ ಹಿಂದಿ ಕಲಿತೆವು, ತರಕಾರಿಯವನಿಗಾಗಿ ಮರಾಠಿ ಕಲಿತೆವು. ಯಾರೂ ಅದನ್ನು ತ್ಯಾಗ ಎನ್ನಲಿಲ್ಲ. ಸಂಜ್ಞಾ ಭಾಷೆ ಕಲಿಯುವುದಕ್ಕೂ ಈಗ ದಾರಿಯಿದೆ. ಬಾಂದ್ರಾದಲ್ಲಿ 1983ರಿಂದ ಅಲಿ ಯಾವರ್ ಜಂಗ್ ಸಂಸ್ಥೆಯಿದೆ. ದೆಹಲಿಯ ಸಂಜ್ಞಾ ಭಾಷಾ ಕೇಂದ್ರ 2021ರಲ್ಲಿ 10,000 ಪದಗಳ ನಿಘಂಟು ತಂದಿದೆ. ಅದರಲ್ಲಿ ‘ಪ್ರೀತಿ’ ಎಂಬ ಒಂದು ಪದ ಕಲಿಯಲು ಎರಡು ನಿಮಿಷ ಸಾಕು. ‘ಇವತ್ತು ಶಾಲೆಯಲ್ಲಿ ಯಾಕೆ ಅತ್ತೆ?’ ಎಂದು ಕೇಳಿ, ಬಂದ ಉತ್ತರವನ್ನು ಪೂರ್ತಿ ತಿಳಿಯಲು ವರ್ಷಗಳೇ ಬೇಕು. ಮೊದಲನೆಯದು ಪ್ರೀತಿಯ ಸನ್ನೆ. ಎರಡನೆಯದನ್ನು ನಾನು ಪ್ರೀತಿ ಎಂದು ಕರೆಯುತ್ತೇನೆ.