ಚಳಿಗಾಲದ ಎಣ್ಣೆ

ಒಳ್ಳೆಯ ಗುಣಕ್ಕೂ ಹವಾಮಾನ ತಾಕುತ್ತದೆಯೇ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಯಾವ ಗ್ರಂಥದಿಂದಲೂ ಅಲ್ಲ, ಒಂದು ಹಳೆಯ ಕಾರಿನಿಂದ.

1993ರ ಜನವರಿ. ಕೆಲಸದ ಮೇಲೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಬಳಿ ಒಂದು ಮಾರಿಸ್ ಮೈನರ್ ಇತ್ತು. ಚಳಿ ಹೆಚ್ಚಿದ ಬೆಳಿಗ್ಗೆ ಅದು ಆಕ್ಸಿಲರೇಟರ್ ಒತ್ತಿದೊಡನೆ ಮುಕ್ಕರಿಸಿ ಕಪ್ಪು ಹೊಗೆ ಉಗುಳುತ್ತಿತ್ತು. ಒಂದು ಭಾನುವಾರ ಅವರು ಬಾನೆಟ್ ಎತ್ತಿ ನನ್ನನ್ನೂ ಕರೆದರು.

ಆ ಕಾರಿಗಿರುವುದು ಎಸ್‌ಯು ಕಾರ್ಬುರೇಟರ್. ಅದರೊಳಗಿನ ಪಿಸ್ಟನ್, ಎಂಜಿನ್ ಗಾಳಿ ಎಳೆದಂತೆಲ್ಲ ಮೇಲೇರುತ್ತದೆ. ಪೆಡಲ್ ತಟ್ಟನೆ ಒತ್ತಿದಾಗ ಅದೂ ತಟ್ಟನೆ ಹಾರಿದರೆ ಗಾಳಿ ಹೆಚ್ಚಾಗಿ, ಪೆಟ್ರೋಲು ಸಾಲದೆ, ಎಂಜಿನ್ ತಡವರಿಸುತ್ತದೆ. ಹಾಗಾಗದಂತೆ ಪಿಸ್ಟನ್ನಿನ ನಡುವಿನ ಟೊಳ್ಳಿನಲ್ಲಿ ಸ್ವಲ್ಪ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ಡ್ಯಾಂಪರ್. ಏರುವಾಗ ಮಾತ್ರ ಅದು ತಡೆಯುತ್ತದೆ, ಇಳಿಯಲು ಬಿಟ್ಟುಕೊಡುತ್ತದೆ. ಮನುಷ್ಯನ ಕೋಪಕ್ಕೂ ಇಂಥದೊಂದು ಇದ್ದಿದ್ದರೆ ಎನಿಸಿತು.

ಮೇಷ್ಟ್ರು ಎಂಜಿನ್ನಿಗೆ ಹಾಕುವ 20ಡಬ್ಲ್ಯು-50 ಎಣ್ಣೆಯನ್ನೇ ಅಲ್ಲಿಗೂ ಹಾಕಿದ್ದರು. ಬೇಸಿಗೆಯಲ್ಲಿ ಅದು ಸರಿಯಾಗಿಯೇ ಇತ್ತು. ಚಳಿಗೆ ಮಂದವಾಗಿ, ಪಿಸ್ಟನ್ ಬೇಗ ಏಳಲಾರದೆ, ಪೆಟ್ರೋಲು ಮಿತಿಮೀರುತ್ತಿತ್ತು. ಅದನ್ನು ಹೀರಿ ತೆಗೆದು ತೆಳುವಾದ ಎಸ್‌ಎಇ 20 ಎಣ್ಣೆ ಹನಿಸಿದೆವು. "ಇನ್ನೂ ತೆಳುವಾದದ್ದು ಹಾಕಬಹುದಲ್ಲ?" ಎಂದೆ. "ತೀರ ತೆಳುವಾದರೆ ತಡೆಯೇ ಇರುವುದಿಲ್ಲ. ಆಗಲೂ ಮುಕ್ಕರಿಸುತ್ತದೆ" ಎಂದರು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ತಮ್ಮನ ಕಾಗದ ಎರಡು ತಿಂಗಳಿಂದ ಮೇಜಿನ ಮೇಲೆ ಬಿದ್ದಿತ್ತು. ತೋಟದ ಪಾಲಿನ ವಿಷಯ, ಕಟುವಾಗಿ ಬರೆದಿದ್ದ. ಸಿಟ್ಟಿನಲ್ಲಿ ಉತ್ತರಿಸಬಾರದೆಂದು ಸುಮ್ಮನಿದ್ದೆ. ಅದನ್ನು ತಾಳ್ಮೆಯೆಂದು ಕರೆದು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಅನ್ಯೋನ್ಯವಾಗಿದ್ದ ಕಾಲದಲ್ಲಿ ನನ್ನ ಮೌನ ಅವನಿಗೆ ಭಾರವಾಗುತ್ತಿರಲಿಲ್ಲ. ಅಣ್ಣಯ್ಯ ಯೋಚನೆ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದ. ಈಗ ನಮ್ಮಿಬ್ಬರ ನಡುವೆ ಚಳಿ ಹಿಡಿದಿತ್ತು. ಮೌನ ಅದೇ, ಆದರೆ ಅವನಿಗದು ತಿರಸ್ಕಾರವಾಗಿ ಕಂಡಿರಬೇಕು.

ಹಾಗೆಂದು ಕಾಗದ ಕೈಸೇರಿದ ದಿನವೇ ಬರೆದಿದ್ದರೆ? ಆ ಉತ್ತರವನ್ನು ಅವನು ಸಾಯುವತನಕ ಮರೆಯುತ್ತಿರಲಿಲ್ಲ. ತಡೆ ಬೇಕೇ ಬೇಕು. ಎಷ್ಟು ಬೇಕೆಂಬುದನ್ನು ನಮ್ಮ ಸ್ವಭಾವವೊಂದೇ ನಿರ್ಧರಿಸಿದರೆ ಸಾಲದು. ಹೊರಗಿನ ಹವೆಯನ್ನೂ ಕೇಳಬೇಕು.

ಎದ್ದು ದೀಪ ಹಾಕಿ ಬರೆದೆ. ನಾಲ್ಕೇ ಸಾಲು. ಅಮ್ಮನ ಮೊಣಕಾಲು ನೋವು ಹೇಗಿದೆ, ಏಪ್ರಿಲ್‌ನಲ್ಲಿ ಬರುತ್ತೇನೆ, ಕೂತು ಮಾತಾಡೋಣ.

ಪಾಲು ಆಯಿತು. ನನಗೆ ತುಸು ಕಡಿಮೆಯೇ ಬಂತು. ಆದರೆ ಅಡಿಕೆ ಕೊಯ್ಲಿನ ಹೊತ್ತಿಗೆ ತಮ್ಮ ಈಗಲೂ ಕರೆಯುತ್ತಾನೆ, ನಾನು ಹೋಗುತ್ತೇನೆ.